ದ್ರಾಕ್ಷಾಯಣಿಯನ್ನು ಹೆದರಿಸಿದ ಬಗೆ

ಕಪ್ಪತಗುಡ್ಡ, ಒಂಬತ್ತನೇ ಕಂಬಸಾಲು
ಫೆಬ್ರವರಿ ಮೂವತ್ತು, ೨೨೧೧

ಪರದೆಯ ಮುಂದೆ ಕೂಡಿ ಕುಳಿತು ದೆವ್ವದ ಕಥೆ ಕಟ್ಟುತ್ತಿರುವ ನಿಮಗೆ,

ತಾರೀಕು ನೋಡಿ ನಗಬೇಡಿ. ಪಂಚಾಂಗವನ್ನು ಎರಡು ಸಲ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೆ ಮೂವತ್ತು ದಿನಗಳಾಗಿವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನೀವು ಹೋದ ಮೇಲೆ ಹುಟ್ಟಿದ ವಸ್ತುಗಳಿಗೆ ನಾವೇ ಹೆಸರಿಡಬೇಕಾಯಿತು. ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಬರೆಯಲು ಅವಕಾಶ, ಅದೂ ನೂರೈವತ್ತು ವರ್ಷಗಳಿಗಿಂತ ಹಿಂದಿನವರಿಗೆ ಮಾತ್ರ. ಹೆಚ್ಚಿನವರು ಅಜ್ಜಿಯ ಅಜ್ಜಿಗೆ ಕ್ಷೇಮಸಮಾಚಾರ ಬರೆದು ಸಂತೋಷಪಡುತ್ತಾರೆ. ನನಗೆ ಬರೆಯಬೇಕಾಗಿದ್ದುದು ಮೂವತ್ತಮೂರು ವರ್ಷಗಳ ಹಿಂದೆ ಸತ್ತ ಒಬ್ಬಳಿಗೆ. ಅದಕ್ಕೆ ನಿಯಮ ಒಪ್ಪುವುದಿಲ್ಲ. ಹಾಗಾಗಿ ಈ ಆಟವನ್ನು ಮೊದಲು ಆಡಿದ ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ಇರಾವತಿ ಹೊಂಬಳ. ಈಗ ಅರವತ್ತೆರಡು ವಯಸ್ಸು. ಆಗ ನಾನು ಈ ಗುಡ್ಡದ ಗಾಳಿಕಂಬಗಳ ದುರಸ್ತಿಯವಳಾಗಿದ್ದೆ. ಹತ್ತು ಕಂಬಗಳಿಗೆ ಒಂದು ಕಂಬಮನೆ, ಒಂದು ಮನೆಗೆ ಒಬ್ಬರೇ ಕೆಲಸಗಾರರು, ಮೂರು ತಿಂಗಳ ಪಾಳಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ರೊಟ್ಟಿ ಕಟ್ಟಿಕೊಂಡು, ಕಂಬ ಹತ್ತಿ ರೆಕ್ಕೆಗಳ ಧೂಳು ಕೆರೆದು, ಎಣ್ಣೆ ಬಿಟ್ಟು, ಒಂಬತ್ತೂವರೆಗೆ ಮನೆ ಸೇರಿಬಿಡಬೇಕು. ಹತ್ತು ಗಂಟೆಗೆ ಬಿಸಿಲುಬೀಗ ಬೀಳುತ್ತದೆ. ನಮ್ಮ ಕಾಲದ ಮಧ್ಯಾಹ್ನದಲ್ಲಿ ಹೊರಗೆ ಕಾಲಿಟ್ಟವರು ಇನ್ನೂರು ಹೆಜ್ಜೆ ದಾಟುವುದಿಲ್ಲ. ಆದ್ದರಿಂದ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಂಡು ಸಂಜೆ ಐದಕ್ಕೆ ತೆರೆಯುತ್ತವೆ. ಒಂಟಿತನದಲ್ಲಿ ತಲೆ ಕೆಟ್ಟವರು ಬಾಗಿಲು ತೆಗೆಯಿರಿ ಎಂದು ಗೋಗರೆಯುವುದು ಸಾಮಾನ್ಯವಾದ್ದರಿಂದ, ನಡುವೆ ಬೀಗ ತೆಗೆದು ರಕ್ಷಣಾ ಬಂಡಿ ಕಳಿಸಬೇಕಾದರೆ ಆ ಮನೆಯವರು ಪಾಳಿಯ ಆರಂಭದಲ್ಲೇ ಹೆಸರಿಸಿದ ಇಬ್ಬರು ಜೊತೆಗಾರರು ತಮ್ಮ ತಮ್ಮ ಮನೆಯಿಂದ ಸಾಕ್ಷಿಗುಂಡಿ ಒತ್ತಬೇಕು. ಒಬ್ಬರು ಒತ್ತಿದರೆ ಸಾಲದು.

ಆ ಏಳು ಗಂಟೆಗಳನ್ನು ನಾವು ಕೂಡುಕಥೆಯಲ್ಲಿ ಕಳೆಯುತ್ತಿದ್ದೆವು. ನೀವು ಆಡುವುದೂ ಅದನ್ನೇ. ಒಬ್ಬರು ಸೂತ್ರ ಹಿಡಿಯುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಬರೆಯುತ್ತಾರೆ. ನಮ್ಮ ಗುಂಪಿನಲ್ಲಿ ಬರೆಯುವವರು ಮೂವರು, ಓದುವವರು ಇನ್ನೂರು ಜನ. ಸೂತ್ರ ನನ್ನದು. ಎಂಟನೇ ಸಾಲಿನ ಫಕೀರಪ್ಪ ಡಂಬಳ ಒಂದು ಪಾತ್ರ, ಹನ್ನೊಂದನೇ ಸಾಲಿನ ದ್ರಾಕ್ಷಾಯಣಿ ಮುಳಗುಂದ ಇನ್ನೊಂದು. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಎಲ್ಲರೂ ಅವಳನ್ನು ದ್ರಾಕ್ಷಿ ಎನ್ನುತ್ತಿದ್ದರು.

ದೆವ್ವವನ್ನು ತೋರಿಸದೆ ಹೆದರಿಸುವುದರಲ್ಲಿ ನನಗೆ ಹೆಸರಿತ್ತು. ದೆವ್ವಕ್ಕೆ ಮುಖ ಕೊಟ್ಟ ಗಳಿಗೆಯಲ್ಲಿ ಅಂಜಿಕೆ ಸಾಯುತ್ತದೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದೆ. ನನ್ನ ಆ ವರ್ಷದ ಕಥೆಯಲ್ಲಿದ್ದದ್ದು ಒಂದು ತಂಪಿನ ಜಾಗ ಮಾತ್ರ. ಕಾದ ಮನೆಯೊಂದರ ನೆಲದಲ್ಲಿ ಒಬ್ಬ ಮನುಷ್ಯ ಮಲಗುವಷ್ಟು ಜಾಗ ತಣ್ಣಗಿರುತ್ತದೆ. ನಿನ್ನೆ ಬಾಗಿಲ ಬಳಿ ಇದ್ದದ್ದು ಇಂದು ಒಲೆಯ ಬಳಿ ಇರುತ್ತದೆ. ಅದರ ಮೇಲೆ ಕುಳಿತವರಿಗೆ ಸುಖವೆನಿಸುತ್ತದೆ, ಮಲಗೋಣ ಎನಿಸುತ್ತದೆ. ಅಷ್ಟೇ. ಬಿಸಿಲಿನಲ್ಲಿ ಬೆಂದ ನಮ್ಮ ಓದುಗರು ಅದನ್ನು ಓದಿ ತಮ್ಮ ಮನೆಯ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ದ್ರಾಕ್ಷಿ ಮಾತ್ರ ಹೆದರಲಿಲ್ಲ. ನಾನು ಮೂರು ದಿನ ಕಷ್ಟಪಟ್ಟು ಕಟ್ಟಿದ ನಿಶ್ಶಬ್ದದೊಳಗೆ ಅವಳ ಪಾತ್ರ ಬದನೆಕಾಯಿ ಸುಡುತ್ತಾ ಕುಳಿತುಬಿಡುತ್ತಿತ್ತು. ಒಮ್ಮೆ ಆ ತಂಪಿನ ಜಾಗದ ಮೇಲೆ ಮೊಸರಿನ ಗಡಿಗೆ ಇಟ್ಟು, ಇನ್ನು ಎರಡು ದಿನ ಹುಳಿಯಾಗುವುದಿಲ್ಲ ಎಂದು ಬರೆದಳು. ಇನ್ನೂರು ಜನ ನಕ್ಕರು. ಕಥೆಗೆ ಜೀವ ಇರುವುದೇ ದ್ರಾಕ್ಷಿಯಿಂದ ಎಂದು ಯಾರೋ ಬರೆದರು. ಅದನ್ನು ನಾನು ಓದಿದೆ. ಆ ದಿನ ಊಟ ಸೇರಲಿಲ್ಲ.

ಅವಳ ಕಂಬಮನೆಯಲ್ಲಿ ಹಿಂದಿನ ಪಾಳಿ ಕಳೆದವನು ಫಕೀರಪ್ಪ. ನಾನು ಅವನನ್ನು ಬೇರೆಯಾಗಿ ಮಾತಿಗೆ ಕರೆದು ಆ ಮನೆಯ ಒಳಗಿನ ಗುರುತುಗಳನ್ನು ಕೇಳಿದೆ.

“ಯಾಕ ಬೇಕು?” ಎಂದ.

“ಆಕೀಗೆ ಒಂದೀಟ ಅಂಜಿಕಿ ಹುಟ್ಟಸೂಣು ಅಂತ. ಆಟ ಅಲ್ಲೇನು?”

ಅವನು ನಕ್ಕು ಎಲ್ಲವನ್ನೂ ಹೇಳಿದ. ನೀರಿನ ಪೀಪಾಯಿಯ ಪಕ್ಕದ ಮೂರನೇ ಹಾಸುಗಲ್ಲು ಬಿರುಕು ಬಿಟ್ಟಿದೆ. ಬ್ಯಾಟರಿಯ ಕಪಾಟು ಗುಂಯ್ಗುಡುತ್ತಾ ಆಗೊಮ್ಮೆ ಈಗೊಮ್ಮೆ ಉಸಿರು ಹಿಡಿದಂತೆ ನಿಲ್ಲುತ್ತದೆ. ಮಂಚದ ಅಡಿಯ ಹಲಗೆಯಲ್ಲಿ ಯಾರೋ ಮೊಳೆಯಿಂದ ಏಳು ಗೀರು ಎಳೆದಿದ್ದಾರೆ. ಬಿರುಕಿನ ವಿಷಯ ಕಚೇರಿಗೆ ತಿಳಿಸಿದ್ದೆಯಾ ಎಂದು ನಾನು ಕೇಳಲಿಲ್ಲ. ತಿಳಿಸಿಲ್ಲ ಎಂದು ಅವನೂ ಹೇಳಲಿಲ್ಲ.

ಮರುದಿನದಿಂದ ಒಂದೊಂದಾಗಿ ಅವು ಕಥೆಯೊಳಗೆ ಬಂದವು. ಮೊದಲು ಕಪಾಟು. ಎರಡು ದಿನ ಬಿಟ್ಟು ಗೀರುಗಳು. ಯಾವುದಕ್ಕೂ ಒತ್ತು ಕೊಡದೆ, ಹಾದುಹೋಗುವ ಮಾತಿನಂತೆ ಬರೆದೆ. ಕೊನೆಗೆ, ತಂಪು ಹುಟ್ಟುವುದು ನೀರಿನ ಪೀಪಾಯಿಯ ಪಕ್ಕದ ಮೂರನೇ ಕಲ್ಲಿನ ಬಿರುಕಿನಿಂದ ಎಂದು ಬರೆದೆ. ಆ ಮಧ್ಯಾಹ್ನ ದ್ರಾಕ್ಷಿ ಒಂದು ಸಾಲನ್ನೂ ಬರೆಯಲಿಲ್ಲ. ಆಮೇಲೆ ನನಗೊಬ್ಬಳಿಗೇ ಕರೆ ಮಾಡಿದಳು.

“ಅಕ್ಕಾ, ನೀ ಯಾವಾಗರ ನನ್ನ ಕಂಬಮನಿಗೆ ಬಂದಿದ್ದೇನು?”

“ಇಲ್ಲವಾ. ಯಾಕ ಕೇಳಾಕತ್ತಿ?”

“ಮತ್ತ ಫಕೀರಣ್ಣ ಏನರ ಹೇಳ್ಯಾನೇನು?”

“ಅಂವ ನನಗೇನ ಹೇಳ್ಯಾನು? ಯಾಕ, ಏನಾತು?”

“ಏನಿಲ್ಲ ಬಿಡು,” ಎಂದಳು. ಆ ದನಿಯಲ್ಲಿ ನಗು ಇರಲಿಲ್ಲ. ನಾನು ಚಹಾ ಕಾಸಿಕೊಂಡು ಕುಡಿದೆ. ಅಷ್ಟು ರುಚಿಯಾದ ಚಹಾ ಆ ಪಾಳಿಯಲ್ಲಿ ಕುಡಿದಿರಲಿಲ್ಲ.

ನಮ್ಮ ಆಟಕ್ಕೆ ಒಂದು ತಡೆಮಾತಿತ್ತು. ನಿಮ್ಮಲ್ಲೂ ಇರಬಹುದು. ಯಾರಿಗೆ ತಾಳಲಾರದ ಹಾಗೆ ಆದರೂ ‘ಸಾಕು’ ಎಂದು ಬರೆದರೆ ಎಲ್ಲರೂ ಪಾತ್ರ ಬಿಟ್ಟು ಮನುಷ್ಯರಾಗಿ ಮಾತಾಡಬೇಕು. ಮೂರು ದಿನದ ಮೇಲೆ ದ್ರಾಕ್ಷಿ ಅದನ್ನು ಬರೆದಳು. ಒಂದೇ ಪದ. ನಾನು ಆಟ ನಿಲ್ಲಿಸಬೇಕಿತ್ತು. ನಾನು ಬರೆದದ್ದು ಇದು: “ಸಾಕು ಎಂದಳು ಅವಳು. ಸಾಕು ಎಂದಿತು ಬಿರುಕಿನ ಒಳಗಿನಿಂದ ಅವಳದೇ ದನಿ.” ಓದುಗರು ಮೈ ನಡುಗಿತು ಎಂದರು. ತಡೆಮಾತನ್ನೇ ಕಥೆಯೊಳಗೆ ಎಳೆದುಕೊಂಡ ಜಾಣತನವನ್ನು ಹೊಗಳಿದರು. ಅಂದಿನಿಂದ ಅವಳ ಕೈಯಲ್ಲಿ ಹೊರಗೆ ಬರುವ ಮಾತು ಯಾವುದೂ ಉಳಿಯಲಿಲ್ಲ.

ಏಪ್ರಿಲ್ ಹನ್ನೊಂದರಂದು, ಹನ್ನೊಂದೂ ನಲವತ್ತಕ್ಕೆ, ಅವಳು ಎಲ್ಲರೂ ಓದುವಲ್ಲಿ ಬರೆದಳು: “ಇಲ್ಲಿ ನೆಲ ಖರೇನ ತಣ್ಣಗಾಗೇತಿ. ಪೀಪಾಯಿ ಬಾಜೂಕ.” ಓದುಗರು ಚಪ್ಪಾಳೆಯ ಗುರುತು ಹಾಕಿದರು, ದ್ರಾಕ್ಷಿಯೂ ಕೊನೆಗೆ ಹೆದರುವುದನ್ನು ಕಲಿತಳು ಎಂದರು. ಹನ್ನೆರಡಕ್ಕೆ ಮತ್ತೆ ಬರೆದಳು: “ತಲಿ ತಿರಗಾಕತ್ತೈತಿ. ಇದು ಆಟ ಅಲ್ಲ. ಅಕ್ಕಾ, ಫಕೀರಣ್ಣ, ಸಾಕ್ಷಿ ಕೊಡ್ರಿ, ಬಾಗಲಾ ತಗಸ್ರಿ.”

ಫಕೀರಪ್ಪ ನನಗೆ ಕರೆ ಮಾಡಿದ. “ಇರಾವತಿ, ಈಕಿ ಖರೇ ಹೇಳಾಕತ್ತಾಳ ಅನಸತೈತಿ. ನಾ ಒತ್ತೀನಿ. ನೀನೂ ಒತ್ತು.”

“ತಡೀ ಮಾರಾಯ. ಎಷ್ಟ ಚೊಲೋ ಬರ್ಯಾಕತ್ತಾಳ ನೋಡು. ಈಗ ಕೆಡಿಸಿದ್ರ ಹಿಂತಾದ್ದು ಮತ್ತ ಸಿಗೂದಿಲ್ಲ.”

“ಆಟ ಅಲ್ಲ ಅಂತ ಬರದಾಳಲ್ಲ!”

“ಅದನ್ನ ಬರಿಯೂದಽ ಆಟ.”

ಆಟದಲ್ಲಿ ನಾವೆಲ್ಲ ಪುಸ್ತಕದ ಭಾಷೆಯಲ್ಲಿ ಬರೆಯುತ್ತಿದ್ದೆವು. ಅಂದು ಅವಳು ಮನೆಮಾತಿಗೆ ಇಳಿದಿದ್ದಳು. ಅದನ್ನೂ ಒಂದು ಕಲೆಗಾರಿಕೆ ಎಂದುಕೊಂಡೆ ಎಂದು ನಾನು ವಿಚಾರಣೆಯಲ್ಲಿ ಹೇಳಿದೆ. ಅದು ಸುಳ್ಳು. ಆ ವ್ಯತ್ಯಾಸ ಕಂಡ ಕ್ಷಣವೇ ನನಗೆ ತಿಳಿದಿತ್ತು. ಅವಳು ನಿಜವಾಗಿ ಹೆದರಿದ್ದಾಳೆ ಎಂದು ತಿಳಿದು ನನ್ನ ಎದೆ ತುಂಬಿತು. ಇನ್ನೊಂದು ಹತ್ತು ನಿಮಿಷ ಹೆದರಲಿ ಎಂದುಕೊಂಡೆ. ಗುಂಡಿ ನನ್ನ ಮಂಚದ ತಲೆದಿಂಬಿನ ಮೇಲ್ಗಡೆ, ಕೈ ಚಾಚಿದರೆ ಸಿಗುವಲ್ಲಿ ಇತ್ತು. ಹನ್ನೆರಡೂ ಇಪ್ಪತ್ತಾರಕ್ಕೆ ಅವಳು ಮತ್ತೊಂದು ಸಾಲು ಬರೆದಳು: “ಅಕ್ಕಾ, ನೀ ಅದೀಯಲ್ಲ?”

ನಾನು ಉತ್ತರಿಸಲಿಲ್ಲ. ಮೌನ ಎಷ್ಟು ಹೆದರಿಸುತ್ತದೆ ಎಂಬುದು ನನಗೆ ಗೊತ್ತಿತ್ತು.

ಒಂದೂ ಹದಿನೈದಕ್ಕೆ ಅವಳ ಹೆಸರಿನಿಂದ ಮತ್ತೆ ಬರಹ ಬಂತು. ಈಗ ಭಾಷೆ ತಿಳಿಯಾಗಿತ್ತು, ತಪ್ಪಿಲ್ಲದ ಪುಸ್ತಕದ ಭಾಷೆ. “ಈಗ ಭಯವಿಲ್ಲ. ಇಲ್ಲಿ ಹಿತವಾಗಿದೆ. ನೀವು ಕೇಳಿ, ನಾನು ಹೇಳುತ್ತೇನೆ.” ಕಂಡೆಯಾ, ಆಟವೇ ಆಗಿತ್ತು ಎಂದು ಫಕೀರಪ್ಪನಿಗೆ ಹೇಳಿ ನಾನು ಗೆದ್ದವಳಂತೆ ಕೇಳತೊಡಗಿದೆ. ನೀನು ಎಲ್ಲಿ ಮಲಗಿದ್ದೀ ಎಂದು ಕೇಳಿದರೆ, “ಅವಳ ಪಕ್ಕದಲ್ಲಿ,” ಎಂಬ ಉತ್ತರ ಬಂತು. ಅವಳು ಏನು ಮಾಡುತ್ತಿದ್ದಾಳೆ ಎಂದೆ. “ತಣ್ಣಗಾಗುತ್ತಿದ್ದಾಳೆ.” ಬದನೆಕಾಯಿ ಇರಲಿಲ್ಲ, ಮೊಸರಿರಲಿಲ್ಲ, ಒಂದು ತಮಾಷೆಯೂ ಇರಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವ ತನಕ ಹನ್ನೊಂದು ಬರಹಗಳು ಬಂದವು. ಕೊನೆಯದು: “ಅವಳ ತಾಯಿಗೂ ಈ ತಂಪು ಬೇಕಾದೀತು.” ನಿನ್ನ ಬದುಕಿನಲ್ಲೇ ಇಷ್ಟು ಚೆನ್ನಾಗಿ ನೀನು ಬರೆದಿರಲಿಲ್ಲ ಎಂದು ನಾನು ಮೆಚ್ಚಿ ಬರೆದೆ.

ಐದಕ್ಕೆ ಬೀಗ ತೆರೆದಾಗ ಪಕ್ಕದ ಸಾಲಿನವರು ಹೋಗಿ ನೋಡಿದರು. ನೆಲದಡಿಯಲ್ಲಿ ಮನೆ ತಂಪಿಡುವ ಕೊಳವೆ ಒಡೆದು, ಬಣ್ಣ ವಾಸನೆ ಇಲ್ಲದ ಅನಿಲ ಆ ಬಿರುಕಿನಿಂದ ಮೇಲೆ ಬಂದಿತ್ತು. ದ್ರಾಕ್ಷಿ ಬಾಗಿಲಿಗೆ ಹಣೆ ಒತ್ತಿ ಬಿದ್ದಿದ್ದಳು, ಹತ್ತೂ ಉಗುರುಗಳು ಕಿತ್ತುಹೋಗಿದ್ದವು. ಉಸಿರು ನಿಂತದ್ದು ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಎಂದು ವೈದ್ಯರು ಬರೆದುಕೊಟ್ಟರು. ಆಮೇಲಿನ ಹನ್ನೊಂದು ಬರಹಗಳು ಧೂಳುಗಾಳಿಯಿಂದ ತಡವಾಗಿ ತಲುಪಿದವು, ಬರೆದದ್ದು ಮೊದಲೇ ಎಂದು ಕಚೇರಿಯವರು ತೀರ್ಮಾನಿಸಿದರು. ಅವುಗಳಲ್ಲಿ ನನ್ನ ಪ್ರಶ್ನೆಗಳಿಗೆ ಉತ್ತರ ಇತ್ತಲ್ಲ ಎಂದು ಯಾರೂ ಕೇಳಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ. ಫಕೀರಪ್ಪ ಗುಂಡಿ ಒತ್ತಿದ್ದ, ದಾಖಲೆಯಲ್ಲಿ ಅದು ಹನ್ನೆರಡೂ ನಾಲ್ಕು ಎಂದಿತ್ತು. ಬಿರುಕನ್ನು ಮುಚ್ಚಿಟ್ಟವನು ತಾನು ಎಂದು ಎಲ್ಲರೆದುರು ಅತ್ತು, ಗುಡ್ಡ ಇಳಿದು ಹೋದ. ಆಟವೆಂದು ನಂಬಿದ್ದೆ ಎಂದ ನನ್ನನ್ನು ಬಿಟ್ಟರು.

ಹನ್ನೆರಡನೆಯ ದಿನ ಅವಳ ತಾಯಿ ನಿಂಬವ್ವ ಮುಳಗುಂದದಿಂದ ಬಂದರು. ಓದು ಬಾರದವರು. ನನ್ನ ಎದುರು ಕುಳಿತು, ಮಡಿಲಲ್ಲಿ ಕೈ ಜೋಡಿಸಿ, “ಕಡೀಕ ಏನ ಬರದಾಳ ನನ್ನ ಮಗಳು? ಓದಿ ಹೇಳವ್ವ,” ಎಂದರು.

ಸಾಕ್ಷಿ ಕೊಡ್ರಿ ಎಂದದ್ದನ್ನು ನಾನು ಹೇಗೆ ಓದಲಿ? ಆ ಹನ್ನೊಂದನ್ನು ಓದಿದೆ. ಭಯವಿಲ್ಲ, ಹಿತವಾಗಿದೆ ಎಂಬ ಮಾತಿನಿಂದ ಮುದುಕಿಗೆ ಸಮಾಧಾನವಾದೀತು ಎಂದುಕೊಂಡೆ. ಅವರು ನಾಲ್ಕನೆಯದಕ್ಕೇ ಕೈ ಎತ್ತಿದರು.

“ಇದು ಆಕಿ ಮಾತಲ್ಲ.”

“ನಿಮ್ಮ ಮಗಳಽ ಬರದದ್ರಿ, ಅವ್ವಾರ.”

“ಒಂಬತ್ತು ತಿಂಗಳು ಹೊತ್ತೀನಿ, ಇಪ್ಪತ್ನಾಕ ವರ್ಷ ಆಕಿ ಮಾತು ಕೇಳೀನಿ. ಸಾಯೂ ಹೊತ್ತಿನ್ಯಾಗೂ ಆಕಿ ಹಿಂಗ ಸಪ್ಪಗ ಮಾತಾಡಾಕಿ ಅಲ್ಲ. ಯಾರ ಇದು? ನನ್ನ ಮಗಳ ಬಾಜೂಕ ಯಾರಿದ್ರು?”

ನಾನು ಉಳಿದದ್ದನ್ನೂ ಓದಿದೆ. ನಿಲ್ಲಿಸಿದರೆ ನನ್ನ ಸುಳ್ಳು ಬಯಲಾಗುತ್ತದೆಂಬ ಹೆದರಿಕೆಗೆ ಓದಿದೆ, ತಾಯಿಗೂ ಬೇಕಾದೀತು ಎಂಬ ಕೊನೆಯ ಸಾಲಿನವರೆಗೆ. ನಿಂಬವ್ವ ಎದ್ದು ಸೆರಗು ಬಿಗಿದುಕೊಂಡು, ನೆಲವನ್ನು ನೋಡುತ್ತಾ, ಒಂದೊಂದೇ ಹೆಜ್ಜೆ ಇಟ್ಟು ಹೊರಗೆ ಹೋದರು. ಆಮೇಲೆ ಒಂಬತ್ತು ವರ್ಷ ಬದುಕಿದ್ದರಂತೆ. ಒಂದು ದಿನವೂ ನೆಲಕ್ಕೆ ಕೂರಲಿಲ್ಲ, ಮಂಚದ ಮೇಲೂ ಮಲಗಲಿಲ್ಲ. ಎತ್ತರದ ಕುರ್ಚಿಯ ಮೇಲೆ ಕಾಲು ಮೇಲೆತ್ತಿಕೊಂಡು ನಿದ್ದೆ ಮಾಡುತ್ತಿದ್ದರು ಎಂದು ಊರವರು ಹೇಳಿದರು.

ಕೂಡುಕಥೆ ನಿಲ್ಲಲಿಲ್ಲ. ಈಗ ಅದನ್ನು ಕಲಿಸುವ ಶಾಲೆಗಳಿವೆ. ಕಾಣದ ಅಪಾಯವನ್ನು ಹೇಗೆ ಬರೆಯಬೇಕು ಎಂಬ ಪಾಠಕ್ಕೆ ಆ ಹನ್ನೊಂದು ಬರಹಗಳನ್ನೇ ಮಾದರಿಯಾಗಿ ಇಟ್ಟಿದ್ದಾರೆ, ನನ್ನ ಹೆಸರಿನ ಕೆಳಗೆ. ದುಃಖದಲ್ಲಿ ನಾನೇ ಅವಳ ಹೆಸರಿನಿಂದ ಬರೆದು ಸೇರಿಸಿರಬೇಕು ಎಂದು ಯಾರೋ ಊಹಿಸಿದರು. ನಾನು ಅಲ್ಲಗಳೆಯಲಿಲ್ಲ. ಶಾಲು ಹೊದಿಸಿದಾಗ ಹೊದ್ದುಕೊಂಡೆ.

ನನ್ನನ್ನು ಕ್ಷಮಿಸಿರೆಂದು ಕೇಳಲು ಇದನ್ನು ಬರೆದಿಲ್ಲ. ಆ ಹಕ್ಕು ನಿಮ್ಮದಲ್ಲ. ಆ ಹನ್ನೊಂದನ್ನು ಬರೆದದ್ದು ಏನು ಎಂದು ಇಂದಿಗೂ ನನಗೆ ಗೊತ್ತಿಲ್ಲ. ಅದನ್ನು ಕರೆದದ್ದು ಯಾರು ಎಂಬುದು ಗೊತ್ತಿದೆ. ನನ್ನದೊಂದೇ ಕೋರಿಕೆ. ನಿಮ್ಮ ಗುಂಪಿನಲ್ಲೂ ಒಬ್ಬಳು ಇರುತ್ತಾಳೆ, ನೀವು ಎಷ್ಟು ಕಷ್ಟಪಟ್ಟು ಬರೆದರೂ ಹೆದರದವಳು, ಎಲ್ಲರನ್ನೂ ನಗಿಸಿ ನಿಮ್ಮ ಕತ್ತಲೆಯನ್ನು ಕೆಡಿಸುವವಳು. ಅವಳ ಮೇಲೆ ನಿಮಗೆ ಸಿಟ್ಟು ಬರುತ್ತದೆ. ಬರಲಿ. ಆದರೆ ಅವಳ ಮನೆ ಎಲ್ಲಿ, ಅವಳ ಬಾಗಿಲು ಹೇಗಿದೆ ಎಂದು ಯಾರನ್ನೂ ಕೇಳಬೇಡಿ. ಅವಳು ನಗಲಿ. ನಿಮ್ಮ ಕಥೆ ಕೆಟ್ಟರೆ ಕೆಡಲಿ.

ಇಲ್ಲಿಗೆ ನನ್ನ ಪಾಲಿನ ಒಂದೇ ಓಲೆ ಮುಗಿಯಿತು.

ಇರಾವತಿ ಹೊಂಬಳ