ಮಯತ ಎಂದು ಬರೆದ ಹೆಸರು

ನಾಗನೂರ,
೪ ಅಕ್ಟೋಬರ್ ೨೦೨೪

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಮಾಲಿಂಗನ ನಮಸ್ಕಾರ. ಆರಾಮ ಇದ್ದೀಯಾ? ಮೊಣಕಾಲು ನೋವು ಹೇಗಿದೆ? ಬೊಲೋನ್ಯಾದಲ್ಲಿ ಈಗಲೇ ಥಂಡಿ ಶುರುವಾಗಿರಬೇಕು, ಗ್ರಂಥಾಲಯದ ಆ ಕಲ್ಲುನೆಲದ ಮೇಲೆ ಬರಿಗಾಲಲ್ಲಿ ಕೂರಬೇಡ. ನನ್ನಾಕೆ ಭಾಗ್ಯಾ ನಿನಗೆಂದು ಗುರೆಳ್ಳು ಚಟ್ನಿ ಕುಟ್ಟಿಟ್ಟಿದ್ದಳು, ಇಟಲಿಗೆ ಪುಡಿಗಿಡಿ ಕಳಿಸುವ ಹಾಗಿಲ್ಲ ಎಂದು ಅಂಚೆಯವರು ತಿರುಗಿಸಿ ಕೊಟ್ಟರು. ಫೋನು ಇರುವಾಗ ಇವನಿಗೇನು ಪತ್ರದ ಹುಚ್ಚು ಎಂದು ನಗಬೇಡ. ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ, ಬಾಯಿ ಬರಲಿಲ್ಲ. ಮೂಡಲಗಿಯ ಸಾಲೆಯಲ್ಲಿ ಮಕ್ಕಳ ಪತ್ರಲೇಖನ ತಿದ್ದುತ್ತಲೇ ಹದಿನಾಲ್ಕು ವರ್ಷ ಕಳೆದವನಿಗೆ ಇದೊಂದು ಬರೆಯಲು ಮೂರು ದಿನ ಹಿಡಿಯಿತು. ಜೊತೆಗೆ ಒಂದು ತಿದ್ದುಪಡಿಯ ಅರ್ಜಿ ಇಟ್ಟಿದ್ದೇನೆ, ಅದಕ್ಕೆ ನಿನ್ನ ಕೈಯ ಸಹಿಯೇ ಬೇಕಂತೆ.

ಅಪ್ಪ ತೀರಿಕೊಂಡು ಎರಡು ವರ್ಷವಾದರೂ ಹೊಲ ಅವನ ಹೆಸರಿನಲ್ಲೇ ಇತ್ತಲ್ಲ, ವಾರಸಾ ಮಾಡಿಸಿ ನಮ್ಮ ಹೆಸರಿಗೆ ಏರಿಸಲು ವಂಶಾವಳಿ ಬೇಕೆಂದರು. ಆಗಸ್ಟಿನಲ್ಲಿ ಊರ ಲೆಕ್ಕ ಬರೆಯುವ ತಲಾಟಿ ಮನೆಗೇ ಬಂದು, ಕಟ್ಟೆಯ ಮೇಲೆ ಕೂತು, ಒಬ್ಬೊಬ್ಬರ ಹೆಸರು ಕೇಳಿ ಬರೆದುಕೊಂಡರು. ನಿನ್ನ ಹೆಸರು ಬಂದಾಗ ಅವ್ವ, "ಆಕಿ ಹೋಗ್ಯಾಳ್ರಿ" ಅಂದಳು. ನಮ್ಮಂಥ ಕುರಿಗಾರರ ಮನೆಯಲ್ಲಿ ಹೋದವರು ಎಂದರೆ ಕುರಿಯ ಹಿಂದೆ ಹೋದವರು, ನಾಲ್ಕಾರು ತಿಂಗಳಿಗೆ ತಿರುಗಿ ಬರುವವರು. ಅಪ್ಪ ಹಾಗೆ ಎಷ್ಟು ಸಲ ಹೋಗಿ ಬಂದಿಲ್ಲ! ಆದರೆ ತಲಾಟಿ ಪರಊರಿನವರು. ನಿನ್ನ ಹೆಸರಿನ ಮುಂದೆ 'ಮಯತ' ಎಂದು ಬರೆದರು. ಸತ್ತವರ ಹೆಸರಿನ ಮುಂದೆ ಕಚೇರಿಯವರು ಬರೆಯುವ ಪದ, ಹೊಲದ ಹಳೆಯ ಉತಾರದಲ್ಲೂ ನೋಡಿದ್ದೀಯ.

ಕೊನೆಗೆ ಎಲ್ಲವನ್ನೂ ಓದಿ ಹೇಳಿದರು. "ಮಗಳು ಶೈಲಾ, ಮಯತ" ಎಂದದ್ದು ಅವ್ವನ ಕಿವಿಗೆ ಬಿತ್ತು. ಅಪ್ಪ ಹೋದಂದಿನಿಂದ ಅವಳ ನೆನಪು ಒಂದು ದಿನ ಇದ್ದರೆ ಒಂದು ದಿನ ಇಲ್ಲ, ನಿನಗೆ ಗೊತ್ತೇ ಇದೆ. ಅಂದು ಒಳಗೆ ಹೋಗಿ ಗೋಡೆಗೆ ಒರಗಿ ಕೂತವಳು ಎದೆ ಬಡಿದುಕೊಂಡು ಅತ್ತಳು. "ನನ್ನ ಕೂಸು ಎಲ್ಲಿ ಸತ್ತಿತೋ, ಯಾರ ಮಣ್ಣ ಕೊಟ್ರೋ" ಎಂಬುದೊಂದೇ ಮಾತು. ನಿನ್ನ ಫೋಟೋ ತೋರಿಸಿದೆವು, ನೀನು ಕಳಿಸಿದ ವಿಡಿಯೋ ತೋರಿಸಿದೆವು. ಸರಕಾರದವರು ಸುಳ್ಳು ಬರೆಯುತ್ತಾರೇನು ಎಂದು ನಮ್ಮನ್ನೇ ಕೇಳುತ್ತಾಳೆ. ಹೋದ ಭಾನುವಾರ ನೀನು ಮಾತಾಡುವಾಗ ಲೈನು ಕಡಿಯಿತು ಎಂದೆನಲ್ಲ, ಕಡಿದಿರಲಿಲ್ಲ. ಯಾರೋ ತನ್ನ ಮಗಳ ದನಿಯಲ್ಲಿ ಮಾತಾಡುತ್ತಿದ್ದಾರೆ ಎಂದು ಹೆದರಿ ಅವಳೇ ಫೋನನ್ನು ಹಿಟ್ಟಿನ ಡಬ್ಬಿಯಲ್ಲಿ ಹಾಕಿ ಮುಚ್ಚಿದ್ದಳು. ಮೊನ್ನೆ ಮಾನಮಿ ಅಮಾವಾಸ್ಯೆಗೆ ಹಿರಿಯರ ಎಡೆಗಳ ಜೊತೆಗೆ, ಅಪ್ಪನದರ ಬಾಜೂಕ್ಕೆ, ನಿನಗೂ ಒಂದು ಎಡೆ ಇಟ್ಟಳು. ನಿನ್ನ ಕಾಲೇಜಿನ ಹಸಿರು ಓಢಣಿಯನ್ನು ಮಡಚಿ ಅದರ ಮುಂದೆ ಇಟ್ಟಿದ್ದಳು. ನೋಡಲಾಗದೆ ಭಾಗ್ಯಾ ಹಿತ್ತಲಿಗೆ ಹೋದಳು.

ಹಿಂದಿನ ಸಲ ಬಂದಾಗ ನೀನು ಮಾಳಿಗೆಯ ಮೇಲೆ ಕೂತು ನಿನ್ನ ಸಂಶೋಧನೆಯ ಮಾತು ಹೇಳಿದ್ದೆ. ರೋಮಿನ ಕಾಯಿದೆಯಲ್ಲಿ ವೈರಿಗಳಿಗೆ ಸೆರೆ ಸಿಕ್ಕವನ ಹಕ್ಕೆಲ್ಲ ನಿಂತುಹೋಗುತ್ತಿತ್ತು, ಅಲ್ಲೇ ಸತ್ತರೆ ಸೆರೆಸಿಕ್ಕ ದಿನವೇ ಸತ್ತ ಲೆಕ್ಕ. ತಿರುಗಿ ಬರಬೇಕೆಂಬ ಮನಸ್ಸಿನಿಂದ ಗಡಿ ದಾಟಿ ಬಂದನೋ, ಹೊಲ ಮನೆ ಹೆಸರು ಎಲ್ಲ ಮರಳಿ ಅವನದೇ. ಆಮೇಲಿನ ಪಂಡಿತರು ಇದೊಂದರ ಮೇಲೆ ಅಂಚುಅಂಚಿನಲ್ಲಿ ಟಿಪ್ಪಣಿ ಬರೆದು ಬರೆದು ಮುದುಕರಾದರು ಎಂದು ನೀನು ನಗಿಸಿದ್ದೆ. ಸತ್ತನೆಂದು ಸುಳ್ಳು ಸುದ್ದಿ ಬಂದವನು ಬದುಕಿ ಬಂದರೆ ಬಾಗಿಲಿನಿಂದ ಬರುವಂತಿಲ್ಲ, ಮಾಳಿಗೆ ಹತ್ತಿ ಇಳಿಯಬೇಕು ಎಂದೂ ಹೇಳಿದ್ದೆ. ನಮ್ಮ ಮಾಳಿಗೆಯ ಬೆಳಕಿಂಡಿಯಲ್ಲಿ ಬೆಕ್ಕು ಬಿಟ್ಟರೆ ಯಾರೂ ಹಿಡಿಯುವುದಿಲ್ಲ ಎಂದು ನಾನು ಚೇಷ್ಟೆ ಮಾಡಿದ್ದೆ. ಈಗ ಅದರ ಕೆಳಗೆ ಕೂತಾಗೆಲ್ಲ ಆ ಮಾತು ನೆನಪಾಗಿ ಮೇಲೆ ನೋಡುತ್ತೇನೆ.

ಅವ್ವ ಒಂದು ಹೊತ್ತು ಮಾತ್ರ ಉಣ್ಣುತ್ತಾಳೆ. ದೀಪಾವಳಿ ಕಂಡರೆ ದೊಡ್ಡದು ಎಂದು ಗೋಕಾಕಿನ ಡಾಕ್ಟರರು ಹೇಳಿದ್ದಾರೆ. ನಿನ್ನ ಪ್ರಬಂಧದ ಕೆಲಸ ಎಷ್ಟಿದೆಯೋ ಗೊತ್ತಿಲ್ಲ, ಬಾ ಅಕ್ಕಾ. ನಿನ್ನ ಕೈ ಹಿಡಿದು ನೋಡದೆ ಅವಳು ನಂಬುವುದಿಲ್ಲ. ಭಾಗ್ಯಾಳ ನಮಸ್ಕಾರ. ಮನೆದೇವರು ಬೀರಪ್ಪ ನಿನ್ನನ್ನು ಕಾಯಲಿ.

ನಿನ್ನ ತಮ್ಮ,
ಮಾಲಿಂಗ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅರ್ಜಿಯಲ್ಲಿ ಕಾರಣದ ಸಾಲಿಗೆ 'ಕೇಳಿಸಿಕೊಳ್ಳುವಾಗ ಆದ ತಪ್ಪು' ಎಂದು ಬರೆದಿದ್ದೇನೆ. ಅದು ಸುಳ್ಳು. ತಲಾಟಿ ಬರೆಯುವ ಮೊದಲು ಪೆನ್ನು ಎತ್ತಿ ಹಿಡಿದು ನನ್ನನ್ನು ಕೇಳಿದ್ದರು, "ಹೋಗ್ಯಾರ ಅಂದ್ರ ತೀರಿಕೊಂಡಾರೇನ್ರಿ, ಮಾಸ್ತರ?" ನಾನು "ಹೂಂನ್ರಿ" ಅಂದೆ. ಹೊಲದ ಆಸೆ ಇತ್ತು. ಅಪ್ಪನ ಮಣ್ಣಿಗೆ ನೀನು ಬರಲಿಲ್ಲವೆಂಬ ಸಿಟ್ಟು ಅದಕ್ಕಿಂತ ಹೆಚ್ಚಿತ್ತು. ಆ ಸಾಲು ಹೊಡೆದುಹಾಕಿ, ಅಲ್ಲಿ ನನ್ನ ಹೆಸರು ಬರೆದು ಸಹಿ ಮಾಡು. ಅಮಾವಾಸ್ಯೆಯ ದಿನ ಅವ್ವ ನಿನ್ನ ಎಡೆಯನ್ನು ಎತ್ತಿ ನನ್ನ ಕೈಗೇ ಕೊಟ್ಟಳು. "ಅಕ್ಕನ ಪಾಲ ನೀನ ಉಣ್ಣಪಾ" ಅಂದಳು. ಉಂಡೆ.