ನಮ್ಮ ತಾರಸಿಯ ಹಳದಿ ಚಕ್ರವನ್ನು ಅಳಿಸುವ ಬಗ್ಗೆ

ಮಾನ್ಯ ವಿಮಾನ ತರಬೇತಿ ನಿಯಂತ್ರಣಾಧಿಕಾರಿಗಳೇ,

ನಿಮ್ಮ ಪುಟ್ಟ ತರಬೇತಿ ವಿಮಾನಗಳು ನಮ್ಮ ಮನೆಯ ಮೇಲೆ ಎಷ್ಟು ಕೆಳಗೆ ಹಾರುತ್ತವೆಂದರೆ, ಬಟ್ಟೆ ಒಣಹಾಕಲು ತಾರಸಿಗೆ ಹೋದ ನನ್ನ ಹೆಂಡತಿ ವಿಮಾನದೊಳಗಿರುವವನು ಕನ್ನಡಕ ಹಾಕಿದ್ದಾನೋ ಇಲ್ಲವೋ ಹೇಳಬಲ್ಲಳು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ, ಆರೇಳು ನಿಮಿಷಕ್ಕೊಂದು. ಏಳು ತಿಂಗಳಿಂದ ಲಕೋಟೆಯೊಳಗಿಟ್ಟು ಕೇಳಿದ್ದು ನಿಮ್ಮ ಕಿವಿಗೆ ಬೀಳಲಿಲ್ಲ. ಆದ್ದರಿಂದ ಈಗ ಬಹಿರಂಗ ಪತ್ರ ಬರೆದು ಹತ್ತು ಜನರೆದುರು ಕೇಳುತ್ತಿದ್ದೇನೆ.

ನನಗೆ ಸದ್ದು ಹೊಸದಲ್ಲ. ನಾನು ಅಂಗಡಿಗಳಿಗೆ ಬೋರ್ಡ್ ಬರೆಯುವವನು, ನಡುಬೀದಿಯಲ್ಲಿ ಏಣಿಯ ಮೇಲೆ ನಿಂತು ಬದುಕಿದವನು. ಕಷ್ಟ ನನ್ನದಲ್ಲ, ಅಮ್ಮನದು. ಅಮ್ಮ ಮೂವತ್ತೊಂದು ವರ್ಷ ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದವರು. ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಹೇಗೋ ಹಿಡಿತಕ್ಕೆ ಬಂದವು, ಮಾತು ಬರಲಿಲ್ಲ; ಒಂದೊಂದೇ ಪದ ಕೂಡಿಸಲು ಶುರು ಮಾಡಿದ್ದು ಈಗೀಗ. ಮಾತು ಕಲಿಸುವ ಮೇಡಂ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ. ಮಧ್ಯಾಹ್ನವಾದರೆ ಅಮ್ಮ ಸುಸ್ತಾಗಿ ಬಾಯಿ ತೆರೆಯುವುದಿಲ್ಲ. "ಮೊದಲ ವರ್ಷ ಎಷ್ಟು ಬರುತ್ತೋ ಅಷ್ಟನ್ನ ಬಾಚಿಕೊಳ್ಳಬೇಕು. ಆಮೇಲೆ ಕಷ್ಟ ಆಗುತ್ತೆ," ಎಂದಿದ್ದಾರೆ ಮೇಡಂ.

ಈಗ ನಿಮ್ಮ ವಿಮಾನಕ್ಕೆ ಬರೋಣ. ಫೋನ್ ಲೈನಿನಲ್ಲಿ ಗದ್ದಲವಾದರೆ ಮಾತು ನಿಲ್ಲಿಸಬೇಕು, ಗದ್ದಲ ಕಳೆದ ಮೇಲೆ ಮೊದಲಿನಿಂದ ಹೇಳಬೇಕು. ಅಮ್ಮನ ಕೆಲಸದ ಶಿಸ್ತು ಅದು. ಎಲ್ಲವನ್ನೂ ಮರೆತ ಅವರ ನಾಲಿಗೆ ಅದೊಂದನ್ನು ಮರೆತಿಲ್ಲ. "ಕಿಟಕಿ ಪರದೆ ಸರಿಸು" ಎನ್ನಲು ಅವರಿಗೆ ಹತ್ತು ನಿಮಿಷವಾದರೂ ಬೇಕು. "ಕಿಟಕಿ" ಆಗುತ್ತದೆ, "ಪರದೆ" ಅರ್ಧ ಆಗುತ್ತದೆ, ಅಷ್ಟರಲ್ಲಿ ನಿಮ್ಮವನೊಬ್ಬ ಬಂದ. ಅಮ್ಮ ಬಾಯಿ ಮುಚ್ಚಿ, ಬೆರಳೆತ್ತಿ ಕಾಯುತ್ತಾರೆ. ಆಮೇಲೆ ಮತ್ತೆ "ಕಿಟಕಿ". ಒಂದು ವಾಕ್ಯದ ಕೊನೆ ಮುಟ್ಟುವುದನ್ನು ನಾವು ನೋಡಿಯೇ ಇಲ್ಲ.

ನನ್ನ ಮೊದಲ ಅರ್ಜಿಗೆ ನೀವು ಕೊಟ್ಟ ಉತ್ತರ ಜೋಪಾನವಾಗಿದೆ. ಮೇಲಿನಿಂದ ನಿಮ್ಮ ಮನೆಯನ್ನು ಪ್ರತ್ಯೇಕವಾಗಿ ಗುರುತಿಸಲಾಗುತ್ತಿಲ್ಲ, ಗುರುತಿಸಲು ಅನುಕೂಲ ಮಾಡಿಕೊಡತಕ್ಕದ್ದು ಎಂದಿರಿ. ಗುರುತು ಹಾಕುವುದೇ ನನ್ನ ಕಸುಬು, ಬಿಡುತ್ತೇನೆಯೇ?

"ಅರ್ಜೀಲಿ ಅಡ್ರೆಸ್ ಬರೆದ್ರೆ ಸಾಲದೇನ್ರೀ?" ಎಂದಳು ಹೆಂಡತಿ.

"ಅವರು ಮೇಲಿಂದ ನೋಡೋರು ಕಣೆ. ಅವರಿಗೆ ಅಡ್ರೆಸ್ ಎಲ್ಲಿ ಕಾಣುತ್ತೆ?" ಎಂದೆ, ದೊಡ್ಡ ಬುದ್ಧಿವಂತನ ಹಾಗೆ.

ಎರಡು ದಿನ ಮಂಡಿಯೂರಿ ಕೂತು ತಾರಸಿ ತುಂಬ ಹಳದಿ ಚಕ್ರ ಬರೆದೆ, ಸುತ್ತ ಕೆಂಪು ಅಂಚು ಕೊಟ್ಟೆ. ಅಲ್ಲಿಯವರೆಗೆ ದಿನಕ್ಕೆ ಏಳೆಂಟು ಬರುತ್ತಿದ್ದವು. ಮರುವಾರದಿಂದ ಸಾಲುಗಟ್ಟಿ ಬಂದವು. ಏನಾಯಿತೆಂದು ತಿಳಿಯದೆ ತರಬೇತಿ ಶಾಲೆಗೇ ಹೋದೆ. ಅಲ್ಲಿನ ಶಿಕ್ಷಕರು ಎದ್ದು ಬಂದು ಕುರ್ಚಿ ಹಾಕಿದರು.

"ಓ, ಹಳದಿ ಚಕ್ರದ ಮನೆಯವರಾ? ಕೂತ್ಕೊಳ್ಳಿ ಸಾರ್. ನಿಮ್ಮಿಂದ ಬಹಳ ಉಪಕಾರ ಆಯ್ತು. ಮೊದಲೆಲ್ಲ ಎಲ್ಲಿ ತಿರುಗಬೇಕು ಅಂತ ಗೊತ್ತಾಗದೆ ನಮ್ಮವರು ಒದ್ದಾಡ್ತಿದ್ರು. ಈಗ ಕೆಳಗಿಳಿದು ಚಕ್ರ ನೋಡಿ, ಎಡಕ್ಕೆ ತಿರುಗಿ ಅಂದ್ರೆ ಮುಗೀತು. ಬಣ್ಣ ಮಾತ್ರ ಮಾಸದ ಹಾಗೆ ನೋಡ್ಕೊಳ್ಳಿ."

ನಾನು ಅಳಿಸುತ್ತೇನೆಂದು ನಿಮಗೆ ಬರೆದೆ. ನಿಮ್ಮ ಪತ್ರ ಮೊನ್ನೆ ಬಂತು, ಅದೂ ಈ ಬಾರಿ ನಾಲ್ಕೇ ದಿನದಲ್ಲಿ. ಸದರಿ ಚಕ್ರವು ತರಬೇತಿ ಪಥದ ಗುರುತಾಗಿ ಬಳಕೆಯಲ್ಲಿರುವುದರಿಂದ ಪೂರ್ವಾನುಮತಿಯಿಲ್ಲದೆ ಅಳಿಸುವಂತಿಲ್ಲವಂತೆ. ನನ್ನ ತಾರಸಿ, ನನ್ನ ಬಣ್ಣ, ನನ್ನ ಮಂಡಿನೋವು, ಅನುಮತಿ ನಿಮ್ಮದೇ? ಏಳು ತಿಂಗಳು ಕಾಣಿಸದ ಮನೆ, ನಿಮಗೆ ಉಪಯೋಗಕ್ಕೆ ಬಂದ ಕೂಡಲೇ ಇಷ್ಟು ಚೆನ್ನಾಗಿ ಕಾಣಿಸಿತೇ?

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಆ ಚಕ್ರದ ಮೇಲೆ ಬೂದುಬಣ್ಣ ಎಳೆಯುತ್ತೇನೆ. ಅನುಮತಿ ಕೇಳುವುದಿಲ್ಲ. ಇದು ಅರ್ಜಿಯಲ್ಲ, ತಿಳಿವಳಿಕೆ ಪತ್ರ. ನಿಮ್ಮವರು ತಿರುಗಲು ಜನರಿಲ್ಲದ ಬಯಲಲ್ಲಿ ಬೇರೆ ಗುರುತು ಮಾಡಿಕೊಳ್ಳಿ, ಬೇಕಾದರೆ ನಾನೇ ಬಂದು ಬರೆದುಕೊಡುತ್ತೇನೆ. ಮನೆಗಳ ಮೇಲೆ ಇಷ್ಟು ಕೆಳಗೆ ಹಾರಬಾರದೆಂದು ಲಿಖಿತ ಆದೇಶ ಹೊರಡಿಸಿ. ಕೇಸು ಹಾಕುವುದಾದರೆ ಹಾಕಿ, ಮನೆ ನಿಮಗೆ ಗೊತ್ತೇ ಇದೆ.

ನಿನ್ನೆ ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ತುಟಿ ಅಲುಗಿಸಿ, ಒಂದು ವಿಮಾನ ದಾಟುವುದನ್ನು ಕಾದು, "ಅಳಿಸು" ಎಂದರು. ಈ ಎಂಟು ತಿಂಗಳಲ್ಲಿ ಅಮ್ಮ ಪೂರ್ತಿ ಹೇಳಿ ಮುಗಿಸಿದ ಮೊದಲ ಮಾತು ಅದು. ಎರಡು ವಿಮಾನಗಳ ನಡುವೆ ಅಷ್ಟೇ ಹಿಡಿಸಿತು. ಅವರಿಗೆ ಇನ್ನೂ ಬಹಳ ಹೇಳುವುದಿದೆ. ಜಾಗ ಬಿಡಿ.

ಇಂತಿ,
ಗಿರಾಕಿ ಕೇಳಿದ್ದಕ್ಕಿಂತ ದೊಡ್ಡದಾಗಿ ಬರೆದು ಕೆಟ್ಟ
ಒಬ್ಬ ಬೋರ್ಡ್ ಬರೆಯುವವನು