ಅಲ್ಲಮ್ಮನಿಗೆ ಕೇಳಿಸಿದ್ದು

ಮಂಗಳವಾರ, ಹದಿನಾಲ್ಕನೇ ತಾರೀಖು

ನನ್ನ ಮುದ್ದು ಗುಬ್ಬಿ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯೆಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತೇನೆ, ಹೆತ್ತವಳಲ್ಲವೇ. ಕಾಗದ ತಡವಾಯಿತು. ಒಂದನ್ನು ಬರೆದು ಹರಿದೆ, ಅದರಲ್ಲಿ ಬರೀ ಅಳು ಇತ್ತು. ಇನ್ನೊಂದನ್ನೂ ಹರಿದೆ, ಅದರಲ್ಲಿ ಬರೀ ಬುದ್ಧಿವಾದ. ಆವತ್ತು ನನ್ನ ಮಾತಿಗೆ ಫೋನ್ ಕುಕ್ಕಿದವಳು ನೀನು ಮತ್ತೆ ಎತ್ತಿಲ್ಲ. ಎತ್ತಬೇಡ, ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಇದನ್ನು ಮಾತ್ರ ಕೊನೆಯ ಸಾಲಿನವರೆಗೂ ಓದು. ಆಮೇಲೂ ಅಮ್ಮ ಬೇಡವೆನಿಸಿದರೆ ಒಲೆಗೆ ಹಾಕು.

ಮೊದಲು ಇಲ್ಲಿಯ ಸುದ್ದಿ. ನೀನು ಚಿಕ್ಕವಳಿದ್ದಾಗ ಶಾಲೆಯಲ್ಲಿ, "ನಮ್ಮಮ್ಮ ಬೇರೆ ಲೋಕದವರ ಮಾತು ಕೇಳೋ ಕೆಲಸ ಮಾಡ್ತಾಳೆ" ಎಂದು ಜಂಬ ಕೊಚ್ಚಿಕೊಂಡು ಬಂದಿದ್ದೆ, ನೆನಪಿದೆಯಾ? ಕೇಳುವವರು ಬೇರೆ ಕಣೇ. ಕೇಳಿಸಿದ್ದನ್ನೆಲ್ಲ "ಅಲ್ಲ" ಎನ್ನುವವಳು ನಾನು. ನಮ್ಮ ದೊಡ್ಡ ತಟ್ಟೆ ಆಂಟೆನಾಕ್ಕೆ ಏನಾದರೂ ವಿಚಿತ್ರ ಸಂಕೇತ ಸಿಕ್ಕಿತೋ, ಕೈ ಆಂಟೆನಾ ಹಿಡಿದು ನಾನು ಹೊರಡಬೇಕು. ಅದರ ಕೀಚು ಸದ್ದು ಜೋರಾದ ಕಡೆ ಕಳ್ಳ ಸಿಕ್ಕುತ್ತಾನೆ. ಒಮ್ಮೆ ಬೇಲಿಯ ಸಡಿಲ ತಂತಿ, ಒಮ್ಮೆ ಅಡುಗೆಯವನ ಹೊಸ ಕೈಗಡಿಯಾರ. ಅದಕ್ಕೇ ಇಲ್ಲಿ ಎಲ್ಲರಿಗೂ ನಾನು ಅಲ್ಲಮ್ಮ. ಮೊಬೈಲು, ಗಡಿಯಾರಗಳನ್ನು ಗೇಟಿನ ಕಬ್ಬಿಣದ ಪೆಟ್ಟಿಗೆಗೆ ಹಾಕಿಯೇ ಒಳಗೆ ಬರಬೇಕೆಂಬ ನಿಯಮ ಮಾಡಿಸಿದವಳೂ ನಾನೇ. ಅಡುಗೆಯವನು ಒಂದು ವಾರ ನನ್ನ ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ.

ಹೋದ ತಿಂಗಳು ಒಂದು ಸಂಕೇತ ಬಂತು. ತಟ್ಟೆಯನ್ನು ಒಂದು ಕೆಂಪು ನಕ್ಷತ್ರದ ಕಡೆ ತಿರುಗಿಸಿದರೆ ಇದೆ, ಪಕ್ಕಕ್ಕೆ ತಿರುಗಿಸಿದರೆ ಇಲ್ಲ. ಮಾರನೆಯ ಮಧ್ಯಾಹ್ನವೂ ಹಾಗೇ, ಅದರ ಮರುದಿನವೂ ಹಾಗೇ. ಭೂಮಿಯ ಸದ್ದಾದರೆ ತಟ್ಟೆ ಎತ್ತ ತಿರುಗಿದರೂ ಇರಬೇಕು ತಾನೆ? ಆ ನಕ್ಷತ್ರವನ್ನು ಸುತ್ತುವ ಒಂದು ಗ್ರಹದಲ್ಲಿ ನೀರಿರಬಹುದೆಂಬ ಊಹೆ ಬೇರೆ ಇತ್ತು. ಹೊಸದಾಗಿ ಸಂಶೋಧನೆಗೆ ಬಂದ ಹುಡುಗಿಯೊಬ್ಬಳಿದ್ದಾಳೆ, ಜುಟ್ಟು ಎಂದು ಕರೆಯುತ್ತೇವೆ. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮ ಮುಖ್ಯಸ್ಥರಂತೂ ಕೈ ಮುಗಿದು, "ಅಲ್ಲಮ್ಮೋರೆ, ಈ ಸಲನಾದ್ರೂ ಅಲ್ಲ ಅನ್ಬೇಡಿ" ಎಂದರು.

ನನಗೂ ಆಸೆ ಹುಟ್ಟಿತು ಗುಬ್ಬಿ. ಇಷ್ಟು ವರ್ಷ ಇಲ್ಲ ಎಂದವಳಿಗೆ ಹೌದು ಎನ್ನುವ ಭಾಗ್ಯ ಬಂತೇನೋ ಅನಿಸಿತು. ಆದರೂ ಕಸುಬು ಬಿಡುವುದುಂಟೇ? ತಟ್ಟೆ ನಕ್ಷತ್ರದ ಮೇಲೆ ನಿಂತ ಕೂಡಲೇ ಕೈ ಆಂಟೆನಾ ಹಿಡಿದು ಅಂಗಳ ಸುತ್ತುತ್ತಿದ್ದೆ. ಪಕ್ಕಕ್ಕೆ ತಿರುಗಿತೋ, ಒಳಗೆ ಬಂದು ಚಹಾ ಕುಡಿಯುತ್ತಿದ್ದೆ. ಹೊರಗೆ ಕೀಚು ಸದ್ದೇನೋ ಕೇಳಿಸುತ್ತಿತ್ತು. ಆದರೆ ಬೇಲಿ, ಷೆಡ್ಡು, ಅಡುಗೆಮನೆ, ಎಲ್ಲಿ ಹೋದರೂ ಒಂದೇ ಸಮ. ಹತ್ತಿರವಾಗುವುದಿಲ್ಲ, ದೂರವಾಗುವುದೂ ಇಲ್ಲ. ಅಂಥ ಕಳ್ಳನನ್ನು ನಾನು ಕಂಡಿರಲಿಲ್ಲ.

ಈಗ ನಗಬೇಡ. ಕಳ್ಳ ನನ್ನ ಬಲಗಿವಿಯಲ್ಲೇ ಕೂತಿದ್ದ. ಕೆಲವು ಕಾಲದಿಂದ ನನಗೆ ಸಣ್ಣ ಸ್ವರಗಳು ಕೇಳಿಸುವುದಿಲ್ಲ. ಯಾರಿಗೂ ಹೇಳಿರಲಿಲ್ಲ. ಕೀಚು ಸದ್ದು ಕೇಳಿಸದ ಅಲ್ಲಮ್ಮನನ್ನು ಇಟ್ಟುಕೊಂಡು ಇವರೇನು ಮಾಡಿಯಾರು? ಹಾಗಾಗಿ ಗುಟ್ಟಾಗಿ ಕಿವಿಯ ಮೆಷಿನ್ನು ತಂದು ಕೂದಲಿನ ಕೆಳಗೆ ಮರೆಮಾಡಿಕೊಂಡಿದ್ದೆ. ತಂತಿಯಿಲ್ಲದೆ ಫೋನಿಗೆ ಜೋಡಿಸುವ, ರೇಡಿಯೋ ಅಲೆ ಹೊರಡಿಸುವ ಭಾಗವನ್ನು ಬಂದ್ ಮಾಡಿಸಿಯೇ ತಂದದ್ದು. ಬ್ಯಾಟರಿ ಬದಲಿಸಿದಾಗೆಲ್ಲ ಅದು ತಾನಾಗಿಯೇ ಚಾಲೂ ಆಗುತ್ತದೆಂದು ಯಾರು ಕಂಡರು? ಒಳಗಿನ ಕೋಣೆಯ ಗೋಡೆಗೆಲ್ಲ ತಾಮ್ರದ ಜಾಲರಿ ಬಡಿದಿದೆ, ಅದನ್ನು ದಾಟಿ ಏನೂ ಹೊರಗೆ ಹೋಗದು. ಹೀಗೆ, ನಾನು ಕಳ್ಳನನ್ನು ಹುಡುಕಲು ಹೊರಗೆ ಹೋದಾಗೆಲ್ಲ ನಕ್ಷತ್ರ ಮಾತಾಡುತ್ತಿತ್ತು, ಚಹಾಕ್ಕೆ ಒಳಗೆ ಬಂದಾಗ ಸುಮ್ಮನಾಗುತ್ತಿತ್ತು. ಇದಕ್ಕೆ ಹೇಳಿ ಮಾಡಿಸಿದ ಗಾದೆಯೊಂದಿದೆ. ಇವತ್ತು ನಿನಗೆ ಅದನ್ನು ಬರೆಯಲಾರೆ.

ಎಲ್ಲಿ ಹೋದರೂ ಒಂದೇ ಸಮವಿದ್ದರೆ ಕಳ್ಳ ನನ್ನ ಜೊತೆಗೇ ಬರುತ್ತಿರಬೇಕೆಂದು ಅನುಮಾನ ಬಂದ ದಿನ ತಟ್ಟೆಯ ನೆರಳಿನಲ್ಲಿ ನಿಂತು ಮೆಷಿನ್ನು ತೆಗೆದು ಬ್ಯಾಟರಿ ಕಳಚಿದೆ. ಕೀಚು ನಿಂತಿತು. ಅದು ನಿಂತಿತೋ, ನನಗೇ ಕೇಳಿಸಲಿಲ್ಲವೋ? ಮತ್ತೆ ಹಾಕಿಕೊಂಡೆ, ಕೂಗಿತು. ತೆಗೆದೆ, ಮೌನ. ಸದ್ದಿಲ್ಲವೆಂದು ಹೇಳಲು ಕಿವಿ ಬೇಕು, ಕಿವಿ ಹಾಕಿಕೊಂಡರೆ ಸದ್ದು ಬರುತ್ತದೆ! ನನ್ನೊಬ್ಬಳಿಂದ ತಿಳಿಯುವ ವಿಷಯವಾಗಿರಲಿಲ್ಲ ಅದು. ಜುಟ್ಟುವನ್ನು ಕರೆದೆ.

"ಇದು ಈಗ ಕೂಗ್ತಿದೆಯಾ ನೋಡಮ್ಮ" ಎಂದೆ.

"ನಿಮ್ಮ ಕೈಯಲ್ಲೇ ಇದೆಯಲ್ಲ, ನೀವೇ ಕೇಳಿ" ಎಂದಳು. ತುಟಿ ನೋಡಿ ಅರ್ಥ ಮಾಡಿಕೊಂಡೆ.

"ನಂಗೆ ಕೇಳ್ಸಲ್ಲ ಕಣಮ್ಮ."

ಅಷ್ಟು ಹೇಳಿ ಆಂಟೆನಾವನ್ನು ಅವಳ ಕಡೆ ಚಾಚಿದೆ. ಅವಳು ಅದನ್ನು ತೆಗೆದುಕೊಂಡು ಕಿವಿಗೆ ಹಿಡಿದು, ಇಲ್ಲವೆಂದು ತಲೆಯಾಡಿಸಿದಳು. ನನ್ನ ಅಂಗೈಯಲ್ಲಿದ್ದ ಮೆಷಿನ್ನನ್ನು ನೋಡಿ ಮೆಟ್ಟಿಲ ಮೇಲೆ ಕುಸಿದು ಕೂತು, "ಅಯ್ಯೋ, ಟೀವೀಲಿ ಬರ್ತೀನಿ ಅಂತ ನಮ್ಮಮ್ಮನಿಗೆ ಹೇಳ್ಬಿಟ್ಟಿದ್ದೀನಲ್ರೀ!" ಎಂದು ಅರ್ಧ ನಕ್ಕಳು, ಅರ್ಧ ಅತ್ತಳು. ನಾನು ಮೆಷಿನ್ನು ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತೆ. ಅವಳು ಕೇಳಿದಳು, "ಹಂಗಾದ್ರೆ ಅಲ್ಲಿ ಯಾರೂ ಇಲ್ವಾ?"

ಬಾಯಿಗೆ ಬಂದದ್ದು ಅಭ್ಯಾಸದ ಮಾತು. ಅದನ್ನು ನುಂಗಿಕೊಂಡೆ. "ನಾನು ಅಲ್ಲ ಅಂದಿದ್ದು ಈ ಸದ್ದಿಗೆ. ಆಕಾಶಕ್ಕಲ್ಲ" ಎಂದೆ. "ಅಲ್ಲಿಯವರು ಯಾವ ಸ್ವರದಲ್ಲಿ ಮಾತಾಡ್ತಾರೋ, ಯಾರು ಬಲ್ಲರು? ನಮ್ಮ ಕಿವಿಗೆ ನಿಲುಕದ ಸ್ವರದಲ್ಲಿ ಎಷ್ಟು ಕಾಲದಿಂದ ಕೂಗ್ತಿದಾರೋ!" ಹುಡುಗಿ ಮೂಗು ಒರೆಸಿಕೊಂಡು ಒಳಗೆ ಹೋಗಿ ತಟ್ಟೆಯನ್ನು ಬೇರೊಂದು ನಕ್ಷತ್ರಕ್ಕೆ ತಿರುಗಿಸಿದಳು. ಅದು ತಿರುಗುವುದನ್ನು ನೋಡಿ ನನಗೆ ಏನೋ ಸಂತೋಷವಾಯಿತು.

ಕೆಲಸ ಹೋಗಲಿಲ್ಲ ಕಣೇ. ಮುಖ್ಯಸ್ಥರು ಬೈದರು, ಆಮೇಲೆ ನಕ್ಕರು, ಕೊನೆಗೆ ಕೈ ಆಂಟೆನಾಕ್ಕೆ ಸದ್ದಿನ ಬದಲು ದೀಪ ಹಾಕಿಸಿಕೊಟ್ಟರು. ಮೆಷಿನ್ನು ಈಗ ಎಲ್ಲರ ಗಡಿಯಾರಗಳ ಜೊತೆ ಗೇಟಿನ ಪೆಟ್ಟಿಗೆಯಲ್ಲಿರುತ್ತದೆ. ಅಡುಗೆಯವನು ದಿನಾ ಅದಕ್ಕೆ ನಮಸ್ಕಾರ ಹೊಡೆದು ಒಳಗೆ ಬರುತ್ತಾನೆ.

ರಜೆ ಸಿಕ್ಕಿದೆ. ಶನಿವಾರದ ಬಸ್ಸಿಗೆ ಬರುತ್ತೇನೆ. ಬಾಗಿಲು ತೆಗೆಯಲೇಬೇಕೆಂದಿಲ್ಲ, ಮೆಟ್ಟಿಲ ಮೇಲೆ ಕೂರುತ್ತೇನೆ. ಉತ್ತರ ಬಾರದ ಕಡೆ ಕಾಯುವುದು ನನ್ನ ಹೊಟ್ಟೆಪಾಡು, ಬೇಸರವಿಲ್ಲ. ನಿನಗೂ ಅಳಿಯಂದಿರಿಗೂ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣೀರಲ್ಲಿ ಕೈ ಹಾಕಬೇಡ.

ಇಂತಿ ನಿನ್ನನ್ನೇ ನೆನೆಯುತ್ತಿರುವ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಆವತ್ತು ಫೋನಿನಲ್ಲಿ ನೀನು ಸಣ್ಣ ದನಿಯಲ್ಲಿ ಏನೋ ಹೇಳಿ ನಿಲ್ಲಿಸಿದೆ. ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಮತ್ತೆ ಕೇಳಿದರೆ ನನ್ನ ಕಿವುಡು ಗೊತ್ತಾದೀತೆಂದು, ಬಸುರಿ ಮಗಳು ಒಳ್ಳೆಯ ಸುದ್ದಿಯನ್ನೇ ಹೇಳಿರಬೇಕೆಂದು, "ಒಳ್ಳೇದಾಯ್ತು ಬಿಡು ಗುಬ್ಬಿ" ಎಂದುಬಿಟ್ಟೆ. ಮಗು ಉಳಿಯಲಿಲ್ಲವೆಂದು ನೀನು ಹೇಳಿದ್ದು ವಾರದ ಮೇಲೆ ಅಳಿಯಂದಿರಿಂದ ತಿಳಿಯಿತು. ಕಿವಿಯ ಡಾಕ್ಟರ ಹತ್ತಿರ ಓಡಿದ್ದು ಅದರ ಮಾರನೆಯ ಬೆಳಿಗ್ಗೆ. ಶನಿವಾರ ನನಗೆ ಇನ್ನೊಂದು ಸಲ ಹೇಳು ಕಂದಾ. ಎಷ್ಟು ಸಣ್ಣ ದನಿಯಲ್ಲಾದರೂ ಹೇಳು, ಎಷ್ಟು ಹೊತ್ತಾದರೂ ಹೇಳು. ಹೆಚ್ಚಿನ ಬ್ಯಾಟರಿ ತರುತ್ತಿದ್ದೇನೆ.